ಅಶೋಕ ಚಕ್ರವರ್ತಿಯ ಶಾಂತಿಸಾಧನೆ

ಶಾಂತಿಯೆಂಬ ಶಬ್ದವು ಎಲ್ಲರ ನಾಲಗೆಯ ಮೇಲೂ ಇದೆ. ಮನೆಯಲ್ಲಿ ಜಗಳವಿಲ್ಲದಿದ್ದರೆ ಶಾಂತಿ, ಊರಿನಲ್ಲಿ ಗಲಭೆಯಿಲ್ಲದಿದ್ದರೆ ಶಾಂತಿ, ರಾಜ್ಯ ರಾಜ್ಯಗಳ ನಡುವೆ ಯುದ್ಧವಿಲ್ಲದಿದ್ದರೆ ಶಾಂತಿ ಎಂಬುದು ಲೋಕರೂಢಿ. ಆದರೆ ಸದ್ದಿಲ್ಲದಿರುವುದೇ ಶಾಂತಿಯಾಗಿದ್ದ ಪಕ್ಷದಲ್ಲಿ ಸ್ಮಶಾನಕ್ಕಿಂತ ಶಾಂತವಾದ ತಾಣವು ಬೇರೊಂದಿರಲಾರದು. ಶಮ್ ಎಂಬ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ಅಡಗುವುದು, ತಣಿಯುವುದು ಎಂದು ಅರ್ಥ. ಅಡಗಬೇಕಾದದ್ದು ಯಾವುದು? ಎದುರಾಳಿಯ ದನಿಯೋ, ತನ್ನೊಳಗಿನ ಕ್ರೋಧವೋ? ಈ ಪ್ರಶ್ನೆಗೆ ಗ್ರಂಥಗಳ ನಡುವೆ ಕುಳಿತು ಉತ್ತರ ಹೇಳಿದವರು ಅನೇಕರುಂಟು. ತಾನೇ ಹರಿಸಿದ ರಕ್ತದ ನಡುವೆ ನಿಂತು ಉತ್ತರವನ್ನು ಅರಸಬೇಕಾಗಿ ಬಂದವರು ವಿರಳ. ಅಂತಹ ವಿರಳರಲ್ಲಿ ಒಬ್ಬನು ಮೌರ್ಯಕುಲದ ಅಶೋಕನು.

ಚಂದ್ರಗುಪ್ತ ಮೌರ್ಯನ ಮೊಮ್ಮಗನೂ ಬಿಂದುಸಾರನ ಮಗನೂ ಆದ ಅಶೋಕನಿಗೆ ರಾಜ್ಯವು ಸಿದ್ಧವಾದ ಸಂಪತ್ತಾಗಿಯೇ ದೊರೆಯಿತು. ರಾಜ್ಯವನ್ನು ಕಟ್ಟಿದ ಅಜ್ಜನು ಕಡೆಗೆ ಅದನ್ನು ತೊರೆದು ಶ್ರವಣಬೆಳಗೊಳಕ್ಕೆ ಬಂದು ದೇಹವಿಟ್ಟನೆಂದು ಜೈನರ ಸಂಪ್ರದಾಯವು ಹೇಳುವುದು. ಮೊಮ್ಮಗನು ಯುವಕನಾಗಿದ್ದಾಗ ಉಜ್ಜಯಿನಿಯಲ್ಲಿ ತಂದೆಯ ಪ್ರತಿನಿಧಿಯಾಗಿದ್ದನೆಂದೂ, ತಕ್ಷಶಿಲೆಯಲ್ಲಿ ಎದ್ದ ದಂಗೆಯನ್ನು ಅಡಗಿಸಿದನೆಂದೂ ಬೌದ್ಧಕಥೆಗಳಿಂದ ತಿಳಿಯುವುದು. ಕ್ರಿ. ಪೂ. 268ರ ಸುಮಾರಿಗೆ ಪಾಟಲೀಪುತ್ರದಲ್ಲಿ ಆತನಿಗೆ ಪಟ್ಟಾಭಿಷೇಕವಾಯಿತು. ತೊಂಬತ್ತೊಂಬತ್ತು ಮಂದಿ ಸಹೋದರರನ್ನು ಕೊಂದು ಸಿಂಹಾಸನವನ್ನೇರಿದನೆಂದೂ, ಆಗ ಆತನಿಗೆ ಚಂಡಾಶೋಕನೆಂಬ ಹೆಸರಿದ್ದಿತೆಂದೂ ಸಿಂಹಳದ ಮತ್ತು ಉತ್ತರದ ಬೌದ್ಧರು ಕಥೆಗಳನ್ನು ಬರೆದಿಟ್ಟಿದ್ದಾರೆ. ಆದರೆ ಪಟ್ಟವಾಗಿ ಹದಿಮೂರು ವರ್ಷಗಳಾದ ಮೇಲೆ ಬರೆಯಿಸಿದ ಶಾಸನದಲ್ಲಿ ಆತನೇ ತನ್ನ ಸೋದರ ಸೋದರಿಯರ ಮನೆತನಗಳ ಯೋಗಕ್ಷೇಮದ ವಿಚಾರವನ್ನು ಎತ್ತಿರುವನು. ಸತ್ತವರ ಮನೆಗಳಿಗೆ ಹೀಗೆ ಅಧಿಕಾರಿಗಳನ್ನು ನೇಮಿಸುವುದು ಹೇಗೆ? ಬೌದ್ಧಮತವು ಮುಟ್ಟಿದೊಡನೆ ರಾಕ್ಷಸನು ದೇವತೆಯಾದನೆಂದು ತೋರಿಸುವುದಕ್ಕಾಗಿ ಮೊದಲಿನ ಬಣ್ಣವನ್ನು ಕಪ್ಪಾಗಿ ಬಳಿದಿರುವಂತೆ ಕಾಣುವುದು. ವಸ್ತುತಃ ಆತನು ರಾಕ್ಷಸನಾಗಿರಲಿಲ್ಲ. ಎಲ್ಲ ಅರಸರಂತೆ ಒಬ್ಬ ಅರಸನಾಗಿದ್ದನು. ಆ ಸಾಮಾನ್ಯತೆಯಲ್ಲಿಯೇ ಆತನ ಚರಿತ್ರೆಯ ಬೆಲೆಯಿದೆ.

ಪಟ್ಟವಾಗಿ ಎಂಟು ವರ್ಷಗಳಾದಾಗ ಆತನು ಕಳಿಂಗದ ಮೇಲೆ ದಂಡೆತ್ತಿ ಹೋದನು. ಕಳಿಂಗವೆಂದರೆ ಈಗಿನ ಒಡಿಶಾ ಮತ್ತು ಅದರ ದಕ್ಷಿಣಕ್ಕೆ ಸೇರಿದ ಕಡಲತೀರದ ನಾಡು. ಅರಸರು ಸಾಧಾರಣವಾಗಿ ಮಾಡುವ ಕೆಲಸವನ್ನೇ ಆತನೂ ಮಾಡಿದನು, ಮತ್ತು ಗೆದ್ದನು. ಗೆದ್ದವನು ಮುಂದೆ ಏನು ಮಾಡುವನು? ಶತ್ರುಗಳ ತಲೆಗಳನ್ನು ಎಣಿಸಿ ಪ್ರಶಸ್ತಿಯನ್ನು ಬರೆಯಿಸುವನು. ಅಶೋಕನೂ ಎಣಿಸಿದನು. ಸೆರೆಹಿಡಿದು ನಾಡಿನಿಂದ ಸಾಗಿಸಿದವರು ಒಂದೂವರೆ ಲಕ್ಷ, ರಣದಲ್ಲಿ ಮಡಿದವರು ಒಂದು ಲಕ್ಷ, ಅನಂತರ ಸತ್ತವರು ಅದರ ಎಷ್ಟೋ ಪಾಲು. ಆದರೆ ಈ ಎಣಿಕೆಯು ಹೆಮ್ಮೆಯ ಎಣಿಕೆಯಾಗಲಿಲ್ಲ. ಸಾಲಗಾರನು ತನ್ನ ಸಾಲವನ್ನು ಲೆಕ್ಕಹಾಕಿದಂತಾಯಿತು. ಹದಿಮೂರನೆಯ ಬಂಡೆಶಾಸನದಲ್ಲಿ ಆತನು ತನ್ನ ಪಶ್ಚಾತ್ತಾಪವನ್ನು ಮರೆಮಾಚದೆ ತೋಡಿಕೊಂಡಿರುವನು. ಕಳಿಂಗದಲ್ಲಿ ನೊಂದವರ ನೂರರಲ್ಲಿ ಒಂದು ಪಾಲು, ಸಾವಿರದಲ್ಲಿ ಒಂದು ಪಾಲು ಜನರು ಇನ್ನು ನೊಂದರೂ ಅದು ತನಗೆ ದುಸ್ಸಹವೆಂಬುದು ಅಲ್ಲಿಯ ತಾತ್ಪರ್ಯ.

ಇಲ್ಲಿ ಗೃಹಸ್ಥರಾದ ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಆತನ ದುಃಖವು ಸತ್ತ ಯೋಧರ ವಿಷಯದಲ್ಲಿ ಮಾತ್ರ ನಿಂತಿಲ್ಲ. ತಂದೆತಾಯಿಗಳ ಶುಶ್ರೂಷೆ ಮಾಡುವವರು, ಹಿರಿಯರನ್ನು ಗೌರವಿಸುವವರು, ಆಳುಹೋಳುಗಳೊಡನೆ ಸೌಜನ್ಯದಿಂದ ನಡೆಯುವವರು ಯುದ್ಧದಲ್ಲಿ ಚದುರಿಹೋದರಲ್ಲಾ ಎಂದು ಆತನು ಮರುಗಿದನು. ಅಷ್ಟೇ ಅಲ್ಲ. ತಮಗೆ ಸ್ವತಃ ಯಾವ ಹಾನಿಯೂ ತಟ್ಟದಿದ್ದವರೂ ತಮ್ಮ ಗೆಳೆಯರಿಗೆ, ನಂಟರಿಗೆ ಒದಗಿದ ವಿಪತ್ತಿನಿಂದಾಗಿ ನೋಯುವರೆಂಬುದನ್ನು ಆತನು ಕಂಡನು. ರಣರಂಗದಲ್ಲಿ ಬಿದ್ದವರನ್ನು ಸೇನಾಪತಿಯು ಎಣಿಸಬಲ್ಲನು. ದೂರದ ಹಳ್ಳಿಯಲ್ಲಿ ಬಾಗಿಲಲ್ಲಿ ನಿಂತು ದಾರಿ ನೋಡುವ ತಾಯಿಯನ್ನು ಯಾರು ಎಣಿಸುವರು? ಎಣಿಸಲಾಗದ ಈ ನೋವನ್ನು ಗೆದ್ದ ಅರಸನೊಬ್ಬನು ತನ್ನ ಲೆಕ್ಕದಲ್ಲಿ ಬರೆದುಕೊಂಡನು. ಜಗತ್ತಿನ ಚರಿತ್ರೆಯಲ್ಲಿ ಇದಕ್ಕೆ ಜೋಡಿಯಿಲ್ಲವೆಂದರೆ ಅತಿಶಯೋಕ್ತಿಯಾಗದು.

ಹಾಗಾದರೆ ಯುದ್ಧ ಮುಗಿದ ಮರುದಿನವೇ ಅಶೋಕನಿಗೆ ಶಾಂತಿ ದೊರೆಯಿತೆ? ಕಥೆಗಳನ್ನು ನಂಬಿದರೆ ಹಾಗೆಯೇ. ಆತನ ಸ್ವಂತ ಶಾಸನಗಳು ಹೇಳುವುದು ಬೇರೆ. ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮಿಕ್ಕಿ ಕಳೆದರೂ ಮೊದಲಿನ ಒಂದು ವರ್ಷವಿಡೀ ತನ್ನಲ್ಲಿ ತಕ್ಕಷ್ಟು ಉತ್ಸಾಹವಿರಲಿಲ್ಲವೆಂದು ಆತನೇ ಒಪ್ಪಿಕೊಂಡಿರುವನು. ಸಂಘದ ಸಮೀಪಕ್ಕೆ ಹೋದ ಮೇಲೆ, ಅಂದರೆ ಸತ್ಸಂಗದಿಂದ, ಸಾಧನೆಯು ತೀವ್ರವಾಯಿತು. ಚಕ್ರವರ್ತಿಯು ತನ್ನ ಆಲಸ್ಯವನ್ನು ಬಂಡೆಯ ಮೇಲೆ ಕೊರೆಯಿಸಿ ಪ್ರಜೆಗಳಿಗೆ ಓದಿಸಿದನೆಂಬುದು ಸಣ್ಣ ಮಾತಲ್ಲ. ಈ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಅಲ್ಪರೂ ಪಡೆಯಬಹುದೆಂಬ ಭರವಸೆಯೂ ಅದೇ ಶಾಸನದಲ್ಲಿದೆ.

ಈ ಶಾಸನವು ಕನ್ನಡ ನಾಡಿಗೆ ಹತ್ತಿರದ್ದು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ರಾಯಚೂರು ಜಿಲ್ಲೆಯ ಮಸ್ಕಿ, ಕೊಪ್ಪಳದ ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿ ಇದರ ಪಾಠಗಳು ದೊರೆತಿವೆ. ಕೊಪ್ಪಳದ ಗವಿಮಠದ ಬೆಟ್ಟದ ಮೇಲೂ ಇದೆ. ಗವಿಸಿದ್ಧೇಶ್ವರನ ದರ್ಶನಕ್ಕೆ ಹೋಗುವ ಭಕ್ತರಲ್ಲಿ ಎಷ್ಟು ಮಂದಿ ಆ ಬಂಡೆಯತ್ತ ಕಣ್ಣು ಹಾಯಿಸುವರೋ! ಸುವರ್ಣಗಿರಿಯಲ್ಲಿದ್ದ ರಾಜಪುತ್ರನ ಮೂಲಕ ಇಸಿಲದ ಅಧಿಕಾರಿಗಳಿಗೆ ಈ ಆಜ್ಞೆಯು ಬಂದಿತು. ಬ್ರಹ್ಮಗಿರಿಯಲ್ಲಿ ಅದನ್ನು ಬರೆದ ಲಿಪಿಕಾರನ ಹೆಸರು ಚಪಡ. ಬ್ರಾಹ್ಮೀ ಲಿಪಿಯಲ್ಲಿ ಎಲ್ಲವನ್ನೂ ಬರೆದು, ಲಿಪಿಕಾರನೆಂಬ ತನ್ನ ಬಿರುದನ್ನು ಮಾತ್ರ ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಬರೆದನು. ಅಷ್ಟು ದೂರದ ವಿದ್ಯೆಯನ್ನು ಕಲಿತವನು ಈ ಕಲ್ಲುನೆಲಕ್ಕೆ ಬಂದು, ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುಭಕ್ತಿಗಳ ಬೋಧೆಯನ್ನು ಕೊರೆದು ಹೋದನು.

ಅಂತರಂಗದ ಶಾಂತಿಯ ವಿಷಯದಲ್ಲಿ ಅಶೋಕನು ಹಿಡಿದ ದಾರಿಯು ಆತ್ಮಪರೀಕ್ಷೆಯದು. ಮೂರನೆಯ ಸ್ತಂಭಶಾಸನದ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಮನುಷ್ಯನು ತಾನು ಮಾಡಿದ ಒಳ್ಳೆಯದನ್ನು ಮಾತ್ರ ಕಾಣುವನು. ಮಾಡಿದ ಕೆಡುಕು ಆತನ ಕಣ್ಣಿಗೆ ಬೀಳದು. ಅದನ್ನು ಕಾಣುವುದು ಕಠಿನವಾದರೂ ಕಾಣಲೇಬೇಕು. ಉಗ್ರತೆ, ನಿಷ್ಠುರತೆ, ಕ್ರೋಧ, ಅಹಂಕಾರ, ಈರ್ಷ್ಯೆ ಎಂಬಿವು ಪಾಪಕ್ಕೆ ಒಯ್ಯುವ ದಾರಿಗಳೆಂದು ಆತನು ಗುರುತಿಸಿದನು. ಇವುಗಳಲ್ಲಿ ಯಾವುದೊಂದೂ ಹೊರಗಿನ ಶತ್ರುವಲ್ಲ. ದೊಡ್ಡ ಸೇನೆಯ ಒಡೆಯನಾಗಿದ್ದವನು ಕಡೆಗೆ ಯಾವ ಸೇನೆಯೂ ತಲುಪಲಾರದ ಕೋಟೆಯ ಮುಂದೆ ಬಂದು ನಿಂತಿದ್ದನು.

ಆತನ ಪ್ರಾಮಾಣಿಕತೆಗೆ ಅಡುಗೆಮನೆಯ ದೃಷ್ಟಾಂತವೊಂದಿದೆ. ಮೊದಲು ಅರಮನೆಯ ಪಾಕಶಾಲೆಗಾಗಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳ ವಧೆಯಾಗುತ್ತಿದ್ದಿತಂತೆ. ಮೊದಲನೆಯ ಬಂಡೆಶಾಸನವನ್ನು ಬರೆಯಿಸುವ ಕಾಲಕ್ಕೆ ಅದು ಎರಡು ನವಿಲು, ಒಂದು ಜಿಂಕೆಗೆ ಇಳಿದಿದ್ದಿತು. ಆ ಜಿಂಕೆಯೂ ನಿತ್ಯವಲ್ಲ. ಮುಂದೆ ಈ ಮೂರೂ ನಿಲ್ಲುವುವು ಎಂದು ಅಲ್ಲಿಯೇ ಸೇರಿಸಿದೆ. ಉಳಿದಿದ್ದ ಮೂರನ್ನು ಬಿಟ್ಟು ಬರೆಯಿಸಿದ್ದರೆ ಯಾರು ಕೇಳುತ್ತಿದ್ದರು? ಆತನು ಬಿಡಲಿಲ್ಲ.

ಶಾಂತನಾದವನು ಕೆಲಸವನ್ನು ಬಿಟ್ಟು ಕಣ್ಣು ಮುಚ್ಚಿ ಕುಳಿತುಕೊಳ್ಳುವನೆಂದು ಭಾವಿಸುವವರುಂಟು. ಅಶೋಕನ ದಿನಚರಿಯು ಅದಕ್ಕೆ ತೀರ ವಿರುದ್ಧವಾದುದು. ಊಟಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ಕಾರ್ಯವನ್ನು ವರದಿಗಾರರು ಎಲ್ಲ ವೇಳೆಯಲ್ಲಿಯೂ ತನಗೆ ತಿಳಿಸಬೇಕೆಂದು ಆತನು ಕಟ್ಟಳೆ ಮಾಡಿದನು. ಎಷ್ಟು ದುಡಿದರೂ ತನಗೆ ತೃಪ್ತಿಯಿಲ್ಲವೆಂದೂ, ತನ್ನ ದುಡಿಮೆಯೆಲ್ಲ ಪ್ರಾಣಿಗಳ ಋಣವನ್ನು ತೀರಿಸುವುದಕ್ಕಾಗಿ ಎಂದೂ ಹೇಳಿಕೊಂಡನು. ವಿಹಾರಯಾತ್ರೆಯನ್ನೂ ಬೇಟೆಯನ್ನೂ ಬಿಟ್ಟು, ಪಟ್ಟವಾದ ಹತ್ತು ವರ್ಷಗಳಿಗೆ ಬೋಧಿವೃಕ್ಷದ ಕ್ಷೇತ್ರಕ್ಕೆ ಹೋಗಿ ಬಂದನು. ಅಲ್ಲಿಂದ ಮುಂದೆ ಆತನ ಪ್ರಯಾಣಗಳೆಲ್ಲ ವೃದ್ಧರ ದರ್ಶನಕ್ಕೆ, ಹಳ್ಳಿಗರ ಕ್ಷೇಮವಿಚಾರಣೆಗೆ ಧರ್ಮಯಾತ್ರೆಗಳಾದುವು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ, ದಾರಿಯ ಬದಿಯಲ್ಲಿ ಆಲದ ಮರ, ಬಾವಿ, ವಿಶ್ರಾಂತಿಗೃಹ ಮೊದಲಾದುವನ್ನು ಶಾಲೆಯ ಮಕ್ಕಳೂ ಬಲ್ಲರು, ವಿಸ್ತರಿಸಬೇಕಾಗಿಲ್ಲ.

ವಿಸ್ತರಿಸಬೇಕಾದದ್ದು ಮತಗಳ ನಡುವಣ ಶಾಂತಿಯ ವಿಚಾರ. ಬೌದ್ಧ, ಜೈನ, ಆಜೀವಕ, ಬ್ರಾಹ್ಮಣ ಮೊದಲಾದ ಪಂಥಗಳು ಆ ಕಾಲದಲ್ಲಿ ಒಂದೇ ಬೀದಿಯಲ್ಲಿ ಭಿಕ್ಷೆ ಬೇಡಿ ಒಂದೇ ಮಂಟಪದಲ್ಲಿ ವಾದ ಮಾಡುತ್ತಿದ್ದುವು. ಅಶೋಕನು ತಾನು ಬೌದ್ಧನಾಗಿದ್ದರೂ ಗಯೆಯ ಬಳಿಯ ಬರಾಬರ್ ಬೆಟ್ಟದ ಗುಹೆಗಳನ್ನು ಆಜೀವಕರಿಗೆ ದಾನಮಾಡಿದನು. ಆದರೆ ದಾನ ಗೌರವಗಳಿಗಿಂತಲೂ ಎಲ್ಲ ಪಂಥಗಳ ಸಾರವೃದ್ಧಿಯು ಹೆಚ್ಚಿನದೆಂದು ಹನ್ನೆರಡನೆಯ ಬಂಡೆಶಾಸನದಲ್ಲಿ ತಿಳಿಸಿದನು. ಆ ಸಾರವೃದ್ಧಿಗೆ ಮೂಲ ಯಾವುದು? ಶಾಸ್ತ್ರಪಾಂಡಿತ್ಯವಲ್ಲ, ರಾಜಾಜ್ಞೆಯಲ್ಲ, ವಚೋಗುಪ್ತಿ, ಅಂದರೆ ನಾಲಗೆಯ ಕಾವಲು. ತನ್ನ ಮತದ ಮೇಲಿನ ಅಭಿಮಾನದಿಂದ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹೆಚ್ಚಿನ ಹಾನಿಯನ್ನು ಮಾಡುವನೆಂಬುದು ಆತನ ನಿರ್ಣಯ. ಪರಸ್ಪರರ ಧರ್ಮವನ್ನು ಕಿವಿಗೊಟ್ಟು ಕೇಳಬೇಕೆಂದೂ, ಕೂಡಿ ಬಾಳುವುದೇ ಒಳ್ಳೆಯದೆಂದೂ ಆತನು ಬಗೆದನು. ಗಮನಿಸಿರಿ: ವಾದವನ್ನು ನಿಲ್ಲಿಸಿರೆಂದು ಆತನು ಹೇಳಲಿಲ್ಲ. ಅಕಾರಣವಾಗಿ ಹಳಿಯಬಾರದು, ಕಾರಣವಿದ್ದಾಗಲೂ ಮಾತು ಹದದಲ್ಲಿರಬೇಕು ಎಂದನು. ಮನೆಯಲ್ಲಿ ಅತ್ತೆ ಸೊಸೆಯರ ನಡುವಣ, ಊರಿನಲ್ಲಿ ಕೇರಿ ಕೇರಿಗಳ ನಡುವಣ ವ್ಯಾಜ್ಯಗಳನ್ನು ಬಿಡಿಸಿ ನೋಡಿದರೆ ಮೂಲದಲ್ಲಿ ಭೂಮಿ ಕಾಣಿಗಳಿಗಿಂತ ಹೆಚ್ಚಾಗಿ ಆಡಿದ ಒಂದು ಮಾತೇ ಸಿಕ್ಕುವುದು. ಲೋಕವ್ಯವಹಾರವನ್ನು ಬಲ್ಲವನು ಬರೆದ ಶಾಸನವಿದು.

ಇನ್ನು ಕಳಿಂಗದ ವಿಷಯಕ್ಕೆ ಮರಳಬೇಕು. ಅಶೋಕನ ಪಶ್ಚಾತ್ತಾಪದ ಶಾಸನವು ವಾಯವ್ಯದ ಶಹಬಾಜಗಢಿ, ಮಾನಸೇರಾಗಳಲ್ಲಿದೆ, ಸೌರಾಷ್ಟ್ರದ ಗಿರಿನಾರದಲ್ಲಿದೆ, ಯವನಭಾಷೆಯಲ್ಲಿ ಅದರ ಭಾಗವು ಕಂದಹಾರದಲ್ಲಿಯೂ ದೊರೆತಿದೆ. ಆದರೆ ಎಲ್ಲಿ ಆ ರಕ್ತವು ಹರಿಯಿತೋ ಆ ಕಳಿಂಗದಲ್ಲಿ ಮಾತ್ರ ಅದಿಲ್ಲ! ಭುವನೇಶ್ವರದ ಸಮೀಪದ, ದಯಾ ನದಿಯ ದಡದ ಧೌಳಿಯಲ್ಲಿ, ಮತ್ತು ಜೌಗಡದಲ್ಲಿ, ಹನ್ನೊಂದು, ಹನ್ನೆರಡು, ಹದಿಮೂರನೆಯ ಶಾಸನಗಳನ್ನು ಬಿಟ್ಟು ಅವುಗಳ ಸ್ಥಾನದಲ್ಲಿ ಎರಡು ಪ್ರತ್ಯೇಕ ಶಾಸನಗಳನ್ನು ಕೊರೆಯಿಸಿದೆ.

ಇದೇನು ವಂಚನೆಯೆ? ಸೋತವರಿಗೆ ತಮ್ಮ ಸೋಲನ್ನು ನೆನಪಿಸುವುದು ರಾಜನೀತಿಗೆ ಹಿತವಲ್ಲವೆಂದು ಮಂತ್ರಿಗಳು ಎಣಿಸಿರಬಹುದೆಂದು ಹೇಳುವ ವಿದ್ವಾಂಸರುಂಟು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಸ್ಥಳದಲ್ಲಿ ಏನನ್ನು ಬರೆಯಿಸಿದನೆಂಬುದನ್ನು ನೋಡಿದ ಹೊರತು ತೀರ್ಪು ಕೊಡುವುದು ಸಲ್ಲದು. ಎಲ್ಲ ಮನುಷ್ಯರೂ ತನ್ನ ಮಕ್ಕಳೆಂಬ ಭಾವವನ್ನು ಮುಂದಿಟ್ಟು, ಅಲ್ಲಿಯ ನಗರದ ನ್ಯಾಯಾಧಿಕಾರಿಗಳನ್ನು ಆತನು ತರಾಟೆಗೆ ತೆಗೆದುಕೊಂಡಿರುವನು. ಯಾವನೋ ಒಬ್ಬನು ಕಾರಣವಿಲ್ಲದೆ ಸೆರೆಗೆ ಬೀಳುವನು, ಪೀಡೆಗೆ ಗುರಿಯಾಗುವನು. ಅದರಿಂದ ಇತರ ಬಹುಜನರು ದುಃಖಪಡುವರು. ಅಧಿಕಾರಿಯ ಅಸೂಯೆ, ಕೋಪ, ಕ್ರೌರ್ಯ, ಆತುರ, ಆಲಸ್ಯ, ಬಳಲಿಕೆಗಳೇ ಇದಕ್ಕೆ ಕಾರಣ. ಆದುದರಿಂದ ಅವರು ಇವನ್ನು ಗೆಲ್ಲಬೇಕು. ತಿಷ್ಯಾ ನಕ್ಷತ್ರದ ದಿನಗಳಲ್ಲಿ ಈ ಶಾಸನವನ್ನು ಜನರಿಗೆ ಓದಿ ಹೇಳಬೇಕು; ಕೇಳುವವನು ಒಬ್ಬನೇ ಇದ್ದರೂ ಓದಬೇಕು. ಐದು ವರ್ಷಗಳಿಗೊಮ್ಮೆ ಸೌಮ್ಯಸ್ವಭಾವದ ಅಧಿಕಾರಿಯೊಬ್ಬನು ಬಂದು ಇದು ನಡೆಯುತ್ತಿದೆಯೆ ಎಂದು ವಿಚಾರಿಸುವನು. ಇದು ಅಲ್ಲಿಯ ವಿಷಯ.

ಮಗನನ್ನು ಕಳೆದುಕೊಂಡವಳ ಮನೆಗೆ ಕೊಂದವನೇ ಹೋಗಿ ತನ್ನ ದುಃಖವನ್ನು ವರ್ಣಿಸಿದರೆ ಆಕೆಗೇನು ಸಮಾಧಾನ? ಆಕೆಯ ಉಳಿದ ಮಗನು ಅನ್ಯಾಯವಾಗಿ ಸೆರೆಗೆ ಹೋಗದಂತೆ ನೋಡಿಕೊಂಡರೆ ಅದರಲ್ಲಿ ಸ್ವಲ್ಪವಾದರೂ ಅರ್ಥವಿದೆ. ನೊಂದವರೆದುರಿಗೆ ಪಶ್ಚಾತ್ತಾಪವು ಮಾತಾಗಿ ಬರುವುದಕ್ಕಿಂತ ನ್ಯಾಯವಾಗಿ ಬರುವುದು ಲೇಸು. ಕಳಿಂಗದ ಬಂಡೆಯ ಮೌನವನ್ನು ಹೀಗೆ ತಿಳಿದರೆ ಅಶೋಕನಿಗೆ ಅನ್ಯಾಯವಾಗದೆಂದು ತೋರುವುದು.

ಹಾಗೆಂದು ಆತನನ್ನು ನಿರ್ದೋಷಿಯೆಂದು ಪೂಜಿಸಬೇಕಾಗಿಲ್ಲ. ಕಳಿಂಗವನ್ನು ಆತನು ಹಿಂದಿರುಗಿಸಲಿಲ್ಲ. ಪಶ್ಚಾತ್ತಾಪದ ಆ ಶಾಸನದಲ್ಲಿಯೇ ಅಡವಿಯ ಜನರಿಗೆ ತನ್ನ ಬಲವು ಕುಂದಿಲ್ಲವೆಂಬ ಎಚ್ಚರಿಕೆಯನ್ನೂ ಕೊಟ್ಟಿರುವನು. ಮರಣದಂಡನೆಯನ್ನು ತೆಗೆದುಹಾಕಲಿಲ್ಲ, ದಂಡನೆಗೆ ಗುರಿಯಾದವನಿಗೆ ಮೂರು ದಿನಗಳ ಅವಧಿಯನ್ನು ಕೊಟ್ಟು, ಬಂಧುಗಳು ಮನವಿ ಮಾಡಿಕೊಳ್ಳುವುದಕ್ಕೆ, ಇಲ್ಲವೆ ಆತನು ಪರಲೋಕಕ್ಕೆ ಸಿದ್ಧನಾಗುವುದಕ್ಕೆ ಅನುವುಮಾಡಿದನು. ಪೂರ್ಣ ಶಾಂತಿಯನ್ನು ಸಾಧಿಸಿದವನ ಲಕ್ಷಣಗಳಲ್ಲ ಇವು. ಅಧಿಕಾರವನ್ನು ಕೈಯಲ್ಲಿ ಹಿಡಿದುಕೊಂಡೇ ಅದರ ಹಲ್ಲುಗಳನ್ನು ಒಂದೊಂದಾಗಿ ಮೊಂಡುಮಾಡಲು ಹೆಣಗಿದವನ ಲಕ್ಷಣಗಳು. ಕೋಪವನ್ನು ಗೆಲ್ಲಬೇಕೆಂದು ಹೊರಟ ಗೃಹಸ್ಥನು ಒಂದೇ ದಿನದಲ್ಲಿ ಗೆಲ್ಲುವನೆ? ಕೈಯೆತ್ತುವ ಮೊದಲು ಮೂರು ಗಳಿಗೆ ತಡೆದನೆಂದರೆ ಅಷ್ಟು ಗೆದ್ದಂತೆ.

ಪಟ್ಟವಾದ ಇಪ್ಪತ್ತೇಳು ವರ್ಷಗಳಿಗೆ ಬರೆಯಿಸಿದ ಏಳನೆಯ ಸ್ತಂಭಶಾಸನದಲ್ಲಿ ಆತನು ತನ್ನ ಜೀವಿತದ ಪ್ರಯೋಗವನ್ನು ತೂಗಿ ನೋಡಿರುವನು. ಧರ್ಮವನ್ನು ಬೆಳೆಸಲು ಆತನು ಬಳಸಿದ ಉಪಾಯಗಳು ಎರಡು: ಕಟ್ಟಳೆ, ಮತ್ತು ಮನವೊಲಿಕೆ. ಕಟ್ಟಳೆಯಿಂದಾದದ್ದು ಅಲ್ಪ, ಮನವೊಲಿಕೆಯಿಂದಾದದ್ದು ಹೆಚ್ಚು ಎಂದು ಕಂಡುಕೊಂಡನು. ಆಜ್ಞೆ ಮಾಡುವುದೇ ಉಸಿರಾಗಿದ್ದ ಚಕ್ರವರ್ತಿಗೆ ಇಷ್ಟನ್ನು ಕಲಿಯಲು ಇಪ್ಪತ್ತೇಳು ವರ್ಷಗಳು ಹಿಡಿದುವು.

ಕಡೆಯ ದಿನಗಳನ್ನು ಕುರಿತು ಅಶೋಕಾವದಾನದಲ್ಲಿ ಒಂದು ಕಥೆಯಿದೆ. ಸಂಘಕ್ಕೆ ಎಲ್ಲವನ್ನೂ ಕೊಡುತ್ತ ಹೋದ ಮುದಿ ಅರಸನ ಕೈಯನ್ನು ಮಂತ್ರಿಗಳು ಕಟ್ಟಿಹಾಕಿದರು. ಕೊನೆಗೆ ಆತನದೆಂದು ಹೇಳಿಕೊಳ್ಳಲು ಅರ್ಧ ನೆಲ್ಲಿಕಾಯಿ ಮಾತ್ರ ಉಳಿಯಿತು; ಅದನ್ನೂ ಆತನು ಸಂಘಕ್ಕೆ ಕಳುಹಿಸಿದನು. ಕಥೆಯೇ ಇರಬಹುದು; ಆದರೂ ಆತನ ಸ್ವಭಾವಕ್ಕೆ ಹೊಂದುವುದು. ಕ್ರಿ. ಪೂ. 232ರ ಸುಮಾರಿಗೆ ಆತನು ಕಾಲವಾದನು. ಅರ್ಧ ಶತಮಾನದೊಳಗೆ, ಕ್ರಿ. ಪೂ. 185ರ ಸುಮಾರಿಗೆ, ಕಡೆಯ ಮೌರ್ಯನಾದ ಬೃಹದ್ರಥನನ್ನು ಆತನ ಸೇನಾಪತಿ ಪುಷ್ಯಮಿತ್ರನೇ ಕೊಂದನು. ಅಶೋಕನ ಅಹಿಂಸೆಯಿಂದ ರಾಜ್ಯವು ದುರ್ಬಲವಾಯಿತೆಂದು ದೂರುವವರುಂಟು. ಆದರೆ ಕತ್ತಿಯನ್ನೇ ನಂಬಿದ ರಾಜ್ಯಗಳೂ ಅದಕ್ಕಿಂತ ಬೇಗ ಬಿದ್ದುದನ್ನು ಚರಿತ್ರೆಯು ತೋರಿಸುವುದು.

ಆಮೇಲೆ ಲೋಕವು ಆತನನ್ನು ಮರೆಯಿತು. ಆತನ ಲಿಪಿಯನ್ನು ಓದಬಲ್ಲವರು ಇಲ್ಲವಾದರು. ದೇವಾನಾಂಪ್ರಿಯ ಎಂಬ ಆತನ ಬಿರುದಿಗೆ ಮುಂದಿನ ವೈಯಾಕರಣರು ಮೂರ್ಖನೆಂಬ ಅರ್ಥವನ್ನು ವಿಧಿಸಿದರು! ಕ್ರಿ. ಶ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಆಂಗ್ಲ ವಿದ್ವಾಂಸನು ಬ್ರಾಹ್ಮೀಲಿಪಿಯನ್ನು ಓದಿದನು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರನಾದ ಬೀಡನ್ ಎಂಬಾತನು ಮಸ್ಕಿಯ ಶಾಸನವನ್ನು ಕಂಡುಹಿಡಿದನು. ಅದರಲ್ಲಿ ಬಿರುದಿನೊಡನೆ ಅಶೋಕನೆಂಬ ಹೆಸರೂ ಇದ್ದುದರಿಂದ ದೇವಾನಾಂಪ್ರಿಯನು ಅಶೋಕನೇ ಎಂಬ ನಿಶ್ಚಯವು ಕನ್ನಡ ನೆಲದಿಂದಲೇ ದೊರೆತಂತಾಯಿತು.

1989ರಲ್ಲಿ ಭೀಮಾನದಿಯ ದಡದ ಸನ್ನತಿಯಲ್ಲಿ ಮತ್ತೊಂದು ಕಲ್ಲು ಹೊರಬಂದಿತು. ಅದರ ಒಂದು ಮುಖದಲ್ಲಿ ಪರಮತವನ್ನು ಹಳಿಯಬಾರದೆಂಬ ಹನ್ನೆರಡನೆಯ ಶಾಸನದ ಭಾಗವಿದೆ. ಹಿಂಬದಿಯಲ್ಲಿ ಧೌಳಿ ಜೌಗಡಗಳಲ್ಲಿರುವ, ಸೆರೆಯಾಳುಗಳನ್ನು ಕುರಿತ ಆ ಪ್ರತ್ಯೇಕ ಶಾಸನಗಳಿವೆ. ಚಂದ್ರಲಾಂಬೆಯ ಗುಡಿಯ ಆವರಣದ ಕಾಳಿಕಾದೇವಿಯ ಮೂರ್ತಿಗೆ ಆ ಕಲ್ಲು ಪೀಠವಾಗಿದ್ದಿತು. ಎಷ್ಟೋ ತಲೆಮಾರುಗಳ ಭಕ್ತರು ಅದರ ಮೇಲೆ ಹೂವನ್ನು ಏರಿಸಿ, ಎಣ್ಣೆಯ ದೀಪವನ್ನು ಹಚ್ಚಿ, ಅದಕ್ಕೆ ಹಣೆ ಮುಟ್ಟಿಸಿ ಹೋಗಿದ್ದರು.